ಪಾಚಿ ಎಂದರೂ ಪಚ್ಚೆ ಎಂದರೂ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಪಚ್ಚಕ್ಕ ಎಂದು. ಹೆತ್ತವರು ಇಟ್ಟ ಹೆಸರಿನಿಂದ ಯಾರಾದರೂ ಕೂಗಿದರೆ, ಬೇರೆ ಯಾರನ್ನೋ ಕರೆದಿರಬೇಕು ಎಂದು ಹಿಂದೆ ತಿರುಗಿ ನೋಡುತ್ತಾಳೆ. ನಲವತ್ತೈದರ ಆಸುಪಾಸಿನ ವಯಸ್ಸು, ನಿಧಾನದ ನಡಿಗೆ. ಕೈಗವಸು ತೊಟ್ಟೇ ಕೆಲಸ ಮಾಡಿದರೂ ಉಗುರಿನ ಅಂಚಿನಲ್ಲಿ ಒಂದು ಗೆರೆ ಹಸಿರು ಉಳಿದೇ ಇರುತ್ತದೆ. ಅದನ್ನು ತಿಕ್ಕಿ ತೆಗೆಯುವ ಆಸೆಯನ್ನು ಅವಳು ಬಿಟ್ಟು ಬಹಳ ಕಾಲವಾಯಿತು.

ಅವಳ ಕೆಲಸ ಪಾಲಿಅನಿಲೀನ್ ಮಾಡುವುದು. ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ, ಆದರೆ ಜಾತಿ ಬೇರೆ. ಬೇರೆ ಪ್ಲಾಸ್ಟಿಕ್ಕುಗಳು ವಿದ್ಯುತ್ತನ್ನು ಬಾಗಿಲಲ್ಲೇ ನಿಲ್ಲಿಸಿದರೆ ಇದು ಒಳಗೆ ಕರೆದು ದಾಟಿಸುತ್ತದೆ. ಮೂಲವಸ್ತು ಅನಿಲೀನ್ ಎಂಬ ಎಣ್ಣೆಯಂಥ ದ್ರವ. ಬಟ್ಟಿ ಇಳಿಸಿದ ಹೊಸದರಲ್ಲಿ ನೀರಿನಷ್ಟು ತಿಳಿ. ಗಾಳಿ ಬೆಳಕಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಚಹಾದ ಬಣ್ಣ. ಹಾಗಾಗಿ ಅದನ್ನು ಆಗಾಗ ಮತ್ತೆ ಬಟ್ಟಿ ಇಳಿಸಬೇಕು. ಆಮೇಲೆ ಆಮ್ಲದ ನೀರಿಗೆ ಬೆರೆಸಿ, ಪಾತ್ರೆಯನ್ನು ಮಂಜುಗಡ್ಡೆಯ ನಡುವೆ ಕೂರಿಸಿ, ಇನ್ನೊಂದು ನಳಿಕೆಯಿಂದ ಪರ್‌ಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು.

ಬಿಟ್ಟ ಮೇಲೆ ಏನೂ ಆಗುವುದಿಲ್ಲ.

ಈ ಏನೂ ಆಗದ ಹೊತ್ತಿಗೆ ಅಲ್ಲಿನವರು ಇಟ್ಟಿರುವ ಹೆಸರು ತೂಕಡಿಕೆ. ಪಾತ್ರೆಯೊಳಗೆ ಗಾಜಿನ ಕಡ್ಡಿ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಮಂಜುಗಡ್ಡೆ ಆಗೊಮ್ಮೆ ಈಗೊಮ್ಮೆ ಚಟ್ ಎನ್ನುತ್ತದೆ, ಕಿಟಕಿಯ ಬಿಸಿಲು ಮೇಜಿನ ಮೇಲೆ ಒಂದು ಗೇಣು ಸರಿಯುತ್ತದೆ. ಹೊಸಬರು ಎಡವುವುದು ಇಲ್ಲೇ. ಇನ್ನೂ ಏನೂ ಆಗಲಿಲ್ಲವಲ್ಲ ಎಂದು ಕೈ ತುರಿಸಿ ಇನ್ನಷ್ಟು ಪರ್‌ಸಲ್ಫೇಟ್ ಸುರಿಯುತ್ತಾರೆ. ಕಡೆಗೆ ಸಿಗುವುದು ಕೆಲಸಕ್ಕೆ ಬಾರದ ಕಂದು ಗಸಿ. ಪಚ್ಚಕ್ಕ ಸುರಿಯುವುದಿಲ್ಲ. ಕೈಕಟ್ಟಿ ಕೂರುತ್ತಾಳೆ. ಕಣ್ಣು ತೆರೆದೇ ಇರುತ್ತದೆ, ಆದರೆ ನೋಟ ಪಾತ್ರೆಯನ್ನು ದಾಟಿ ಎಲ್ಲೋ ಹೋಗಿರುತ್ತದೆ.

"ಯಾರು ತೂಕಡಿಸ್ತಿರೋದು ಪಚ್ಚಕ್ಕ, ಪಾತ್ರೇನೋ ನೀವೋ?" ಎಂದು ಕೇಳುತ್ತಾಳೆ ಅಲ್ಲೇ ಸಂಶೋಧನೆ ಮಾಡುವ ಕನ್ನಡಕದ ಹುಡುಗಿ.

"ಇಬ್ಬರೂ. ಒಬ್ಬರನ್ನ ಎಬ್ಬಿಸಿದ್ರೆ ಇನ್ನೊಬ್ಬರು ಕೆಡ್ತಾರೆ. ಸುಮ್ನಿರು."

ಆಮೇಲೆ, ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟು ತೆಳುವಾಗಿ, ಒಂದು ನೀಲಿ ಮೂಡುತ್ತದೆ. ಇತ್ತೋ ಇಲ್ಲವೋ ಎಂಬ ಅನುಮಾನ ತೀರುವ ಮೊದಲೇ ಅದು ಗಾಢವಾಗುತ್ತದೆ, ಹಸಿರಿಗೆ ಹೊರಳುತ್ತದೆ, ಪಾತ್ರೆಯ ತಳ ಮರೆಯಾಗುತ್ತದೆ. ಕೊಳದ ಆಳದಿಂದ ಮೇಲೆದ್ದು ಬಂದಂಥ ಕಡುಹಸಿರು. ಆ ರೂಪಕ್ಕೆ ಪುಸ್ತಕದಲ್ಲಿ ಪಚ್ಚೆಕಲ್ಲಿನ ಹೆಸರೇ ಇದೆ. "ಪಚ್ಚೆ ಬಂತು" ಎಂದು ಅವಳು ಮೆಲ್ಲಗೆ ಹೇಳುತ್ತಾಳೆ. ಹೆಸರು ಅಂಟಿದ್ದು ಹೀಗೆ.

ಇತ್ತೀಚೆಗೆ ಅಲ್ಲಿ ನಡೆಯುತ್ತಿರುವುದು ಬಟ್ಟೆಯ ಕೆಲಸ. ಹತ್ತಿಯ ಬಟ್ಟೆಯನ್ನು ಈ ದ್ರಾವಣದಲ್ಲಿ ನೆನೆಸಿ, ಒಂದೊಂದು ಎಳೆಯೂ ಹಸಿರು ತೊಡುವಂತೆ ಮಾಡಿ, ಆ ಬಟ್ಟೆಯಲ್ಲೇ ಒಂದಿಷ್ಟು ವಿದ್ಯುತ್ ಕೂಡಿಡಲು ಆಗುತ್ತದೆಯೇ ಎಂದು ನೋಡುವುದು. ಬಟ್ಟೆಯ ತುಂಡನ್ನು ಆಮ್ಲದಲ್ಲಿ ಇಳಿಬಿಟ್ಟು ತಂತಿ ಸಿಕ್ಕಿಸಿ ವೋಲ್ಟೇಜನ್ನು ನಿಧಾನವಾಗಿ ಏರಿಸಿ ಇಳಿಸುತ್ತಾರೆ. ಕೆಳಗಿದ್ದಾಗ ಮಾಸಲು ಹಳದಿ, ಏರುತ್ತಾ ಹಸಿರು, ಇನ್ನೂ ಏರಿದರೆ ನೀಲಿ, ಅದಕ್ಕೂ ಮೇಲೆ ನೇರಳೆ. ಇಳಿಸುತ್ತಾ ಬಂದರೆ ಅದೇ ದಾರಿಯಲ್ಲಿ ಹಿಂದಕ್ಕೆ. ಪರದೆಯ ಮೇಲೆ ಎರಡು ಗುಡ್ಡಗಳಿರುವ ಗೆರೆಯೊಂದು ತನ್ನ ಮೇಲೆ ತಾನೇ ಸುತ್ತಿ ಸುತ್ತಿ ಮೂಡುತ್ತದೆ. ಏರಿಸುವುದು ಅತಿಯಾದರೆ ಎರಡು ಗುಡ್ಡಗಳ ನಡುವೆ ಮೂರನೆಯದೊಂದು ತಲೆ ಎತ್ತುತ್ತದೆ. ಹಾಗಾದರೆ ವಸ್ತು ಒಳಗಿಂದಲೇ ಕೆಡುತ್ತಿದೆ ಎಂದು ಅರ್ಥ, ಆ ನಷ್ಟ ಮರಳಿ ಬರುವಂಥದ್ದಲ್ಲ. ಎಷ್ಟು ಸಲ ಹೋಗಿ ಬಂದರೂ ಸವೆಯದ ಬಟ್ಟೆ ಬೇಕು ಎನ್ನುವುದು ವಿಭಾಗದ ಮುಖ್ಯಸ್ಥೆ ಮೇಡಂ ಅವರ ಹಟ. ಹೋಗಿ ಬರುವುದನ್ನು ನೋಡುತ್ತಾ ಕೂರುವುದು ಪಚ್ಚಕ್ಕನ ಪಾಲಿಗೆ ಬಂದ ಸುಖ.

ಬಣ್ಣ ಅವಳಿಗೆ ಹೊಸದಲ್ಲ. ಹುಟ್ಟಿದ್ದೇ ಬಣ್ಣಗಾರರ ಮನೆಯಲ್ಲಿ. ಬೀದಿಯ ಕೊನೆಯ ಮೂರು ಅಂತಸ್ತಿನ ಮನೆ. ನೆಲ ಅಂತಸ್ತಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ, ಮೇಲೆ ಸಂಸಾರಗಳು. ಅಪ್ಪ ಮತ್ತು ದೊಡ್ಡಪ್ಪ ಸೇರಿ ನಡೆಸುತ್ತಿದ್ದ ಆ ಕಾರ್ಖಾನೆ ಕಪ್ಪಿಗೆ ಹೆಸರುವಾಸಿ. ಮುಖ್ಯ ಗಿರಾಕಿಗಳು ಕೊಡೆ ಮಾಡುವವರು. ಅವಳ ಬಾಲ್ಯವೆಂದರೆ ಆವಿ, ಆವಿಯೊಳಗೆ ತೂಗುವ ಉದ್ದುದ್ದ ಕಪ್ಪು ಬಟ್ಟೆಗಳು, ಅವುಗಳ ನಡುವೆ ನಡೆದರೆ ಹಗಲಲ್ಲೇ ಕತ್ತಲೆ. ಹೊರಗೆ ಬಂದಾಗ ಅಮ್ಮ ಕೆನ್ನೆ ಒರೆಸಿ ಬೈಯುತ್ತಿದ್ದರು: "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಈ ಮನೇಲಿ ಕೈಯೂ ಕಪ್ಪು, ಬಾಯೂ ಕಪ್ಪು!"

ಆ ಕಪ್ಪನ್ನು ಕೊಡುತ್ತಿದ್ದ ಪುಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಹೆಸರು: ಉಪ್ಪು, ಅಡುಗೆಯದಲ್ಲ, ಬಣ್ಣದ್ದು. ಬಟ್ಟೆಯನ್ನು ಉಪ್ಪಿನ ನೀರಲ್ಲಿ ಅದ್ದಿ, ಬಿಸಿ ಕೋಣೆಯಲ್ಲಿ ತೂಗುಹಾಕಿ, ಕಡೆಗೆ ಕುದಿಯುವ ತೊಟ್ಟಿಯಲ್ಲಿ ಒಂದು ಮುಳುಗು ಹಾಕಿಸಿ, ಸೋಡಾ ನೀರಲ್ಲಿ ಜಾಲಿಸಿ ನೆರಳಿಗೆ ಹರವುವುದು. ಕೊನೆಯ ತೊಟ್ಟಿ ನೋಡಿಕೊಳ್ಳುತ್ತಿದ್ದದ್ದು ಅಪ್ಪ. ಅದರ ಕೆಳಗಿನ ಒಲೆ ದೊಡ್ಡಪ್ಪನದು.

ಬಣ್ಣಗಾರರ ಬೀದಿಯಲ್ಲಿ ಎಲ್ಲರೂ ಹೆದರುತ್ತಿದ್ದ ಒಂದು ಮಾತಿತ್ತು: ಪಾಚಿ. ಚೆನ್ನಾಗಿ ಬಂದ ಕಪ್ಪು ಕೆಲವು ವಾರಗಳ ಮೇಲೆ ಹಸಿರಿಗೆ ತಿರುಗಿದರೆ "ಪಾಚಿ ಹಿಡೀತು" ಎನ್ನುತ್ತಿದ್ದರು. ಹೇಳುವಾಗ ದನಿ ತಗ್ಗುತ್ತಿತ್ತು, ಮನೆಯಲ್ಲಿ ರೋಗ ಇದೆ ಎಂದು ಹೇಳುವಂತೆ. ಅಣ್ಣತಮ್ಮಂದಿರ ಕಾರ್ಖಾನೆಗೆ ಪಾಚಿ ಹಿಡಿದದ್ದು ಪಚ್ಚಕ್ಕ ಶಾಲೆಯಲ್ಲಿದ್ದ ಕಾಲದಲ್ಲಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಡೆಗಳು ಮಳೆ ಶುರುವಾದ ವಾರ ಒಟ್ಟಿಗೆ ಮಾರಾಟವಾದವು. ಶಾಲೆಯ ಕಿಟಕಿಯಿಂದ ಅವಳು ನೋಡಿದ್ದು ಇಂದಿಗೂ ಕಣ್ಣಲ್ಲಿದೆ: ಬೂದು ಮಳೆ, ಇಳಿಜಾರಿನ ರಸ್ತೆ, ಅದರ ತುಂಬ ಮೆಲ್ಲಗೆ ತೇಲಿಕೊಂಡು ಬರುತ್ತಿದ್ದ ಹಸಿರು ಕೊಡೆಗಳು. ಅಷ್ಟು ಚಂದದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಮನೆಗೆ ಓಡಿಬಂದು ಹೇಳಿದಾಗ ಅಪ್ಪನ ಮುಖ ಸುಣ್ಣವಾಯಿತು.

ಕೊಡೆಗಳು ವಾಪಸು ಬಂದವು. ಗಿರಾಕಿಗಳು ಬರಲಿಲ್ಲ. ಬಟ್ಟೆಯನ್ನು ತೊಟ್ಟಿಯಿಂದ ತಮ್ಮ ಬೇಗ ಎತ್ತಿದ ಎಂದು ಅಣ್ಣ, ಅಣ್ಣ ಒಲೆ ಆರಲು ಬಿಟ್ಟ ಎಂದು ತಮ್ಮ. ಒಂದು ಮಾತಿಗೆ ಹತ್ತು ಮಾತು ಬೆಳೆದು, ಕೊನೆಗೆ ಮಾತೇ ನಿಂತಿತು. ಕಾರ್ಖಾನೆಯ ಬಾಗಿಲು ಮುಚ್ಚಿತು. ದೊಡ್ಡಪ್ಪ ಮೂರನೆಯ ಅಂತಸ್ತಿನಲ್ಲಿ, ಅಪ್ಪ ಎರಡನೆಯದರಲ್ಲಿ, ನಡುವೆ ಒಂದು ಮೆಟ್ಟಿಲಸಾಲು. ಅದರ ಮೇಲೆ ಸುದ್ದಿ ಹೊತ್ತು ಹತ್ತಿ ಇಳಿಯುತ್ತಾ ಪಚ್ಚಕ್ಕ ಬೆಳೆದಳು. ರಸಾಯನಶಾಸ್ತ್ರ ಓದಿದಳು, ಕೆಲಸಕ್ಕೆ ಸೇರಿದಳು, ಸುದ್ದಿ ಹೊರುವುದು ಮಾತ್ರ ನಿಲ್ಲಲಿಲ್ಲ.

"ಲೇ ಪುಟ್ಟಿ, ನಿಮ್ಮಪ್ಪನಿಗೆ ಹೇಳು, ಕೆಳಗೆ ನಲ್ಲಿ ಬಿಟ್ಟಿದಾನೆ, ಮೇಲೆ ನೀರು ಬರ್ತಿಲ್ಲ."

"ಅಪ್ಪ, ನಲ್ಲಿ ನಿಲ್ಲಿಸಬೇಕಂತೆ."

"ನಿಮ್ಮ ದೊಡ್ಡಪ್ಪನಿಗೆ ಹೇಳು, ನಂಗೆ ಕಿವಿ ಕೇಳ್ಸುತ್ತೆ ಅಂತ."

ನಲ್ಲಿ ಮಾತ್ರ ನಿಲ್ಲುತ್ತಿತ್ತು. ದೊಡ್ಡಮ್ಮ ತೀರಿಕೊಂಡ ದಿನ ಅಪ್ಪ ಮೇಲೆ ಹೋಗಿ ಅಣ್ಣನ ಪಕ್ಕ ಇಡೀ ಹಗಲು ಕೂತಿದ್ದರು. ಆವತ್ತೂ ಇಬ್ಬರೂ ಬಾಯಿ ಬಿಡಲಿಲ್ಲ.

ಈಗ ದೊಡ್ಡಪ್ಪನ ಮಂಡಿ ಸೋತಿದೆ, ಮೆಟ್ಟಿಲು ಆಗದು. ಕಡಲ ಪಕ್ಕದ ಊರಿನಲ್ಲಿರುವ ಮಗಳು ಬಂದು ಕರೆದೊಯ್ಯುವುದು ಎಂದು ನಿಶ್ಚಯವಾಯಿತು. ಬರುವ ಭಾನುವಾರ ಪ್ರಯಾಣ. ಎಂಬತ್ತು ದಾಟಿದ ಜೀವ, ಹೋದರೆ ಮತ್ತೆ ಈ ಮನೆಗೆ ಬರುವುದು ಸುಳ್ಳು. ಅಷ್ಟರೊಳಗೆ ಇಬ್ಬರೂ ಒಂದು ಮಾತಾಡಿದರೆ ಸಾಕು ಎಂದು ಪಚ್ಚಕ್ಕನಿಗೆ ಅನಿಸಿತ್ತು. ರಾಜಿಯಾಗುವುದೂ ಬೇಡ, ತಪ್ಪೊಪ್ಪುವುದೂ ಬೇಡ. ನೇರವಾಗಿ ಒಂದು ಮಾತು.

"ನಿನ್ನ ಕೈಲಾಗದು ಬಿಡೆ," ಎಂದರು ಅಮ್ಮ. "ಕಲ್ಲಿಗೆ ನೀರು ಹಾಕಿದ್ರೆ ಕಲ್ಲು ತೊಳೆದಂಗಾಗುತ್ತೆ ಅಷ್ಟೇ, ಮೊಳಕೆ ಬರಲ್ಲ."

ಆ ವಾರವೇ ಪ್ರಯೋಗಾಲಯದಲ್ಲಿ ಒಂದು ತಪ್ಪಾಯಿತು.

ಮಧ್ಯಾಹ್ನದ ಜೊಂಪಿನ ಹೊತ್ತು. ಹಸಿರು ಬಂದ ಬಟ್ಟೆಯನ್ನು ಪಾತ್ರೆಯಿಂದ ಎತ್ತಿದ್ದಳು. ಅದನ್ನು ಆಮ್ಲದ ತೆಳುನೀರಿನಲ್ಲಿ ತೊಳೆಯಬೇಕು. ಎಷ್ಟೋ ವರ್ಷದಿಂದ ಹಾಗೆಯೇ ತೊಳೆದಿದ್ದಾಳೆ. ಆದರೆ ಆವತ್ತು ಕೈಯಲ್ಲಿದ್ದದ್ದು ನೆನೆದ, ಭಾರದ, ಅಂಚಿನಿಂದ ನೀರು ಸೋರುವ ಒಂದು ಅಗಲ ಬಟ್ಟೆ. ಅಷ್ಟು ದೊಡ್ಡದನ್ನು ಅಲ್ಲಿ ಮಾಡಿದ್ದು ಅದೇ ಮೊದಲು. ಮನಸ್ಸು ಭಾನುವಾರದ ಮೇಲಿತ್ತು. ಕೈ ಎಲ್ಲಿತ್ತೋ. ಅದು ಕಪಾಟಿನಿಂದ ಸೋಡಾ ತೆಗೆಯಿತು, ಬೋಗುಣಿಗೆ ಸುರಿಯಿತು, ಬಟ್ಟೆಯನ್ನು ಎರಡು ಸಲ ಜಾಲಿಸಿತು, ಹಿಂಡದೆ ಅಂಚು ಹಿಡಿದು ನೆರಳಿನ ಕಡೆಗೆ ಹರವಿತು.

"ಪಚ್ಚಕ್ಕ! ಏನ್ಮಾಡಿದ್ರಿ!" ಕನ್ನಡಕದ ಹುಡುಗಿಯ ಕಿರುಚಾಟಕ್ಕೆ ಅವಳು ಎಚ್ಚೆತ್ತಳು.

ಬಟ್ಟೆ ಕಪ್ಪಾಗಿತ್ತು. ಕಿಟಕಿಯ ಕಡೆ ಹಿಡಿದರೆ ಕಡುನೀಲಿ, ಮಡಿಕೆಯಲ್ಲಿ ಕಪ್ಪು. ಹುಡುಗಿ ಮೀಟರಿನ ಕಡ್ಡಿಗಳನ್ನು ಒತ್ತಿದಳು, ವಿದ್ಯುತ್ತಿನ ಸುಳಿವಿಲ್ಲ. ಒಳಗಿನ ಕೋಣೆಯಿಂದ ಮೇಡಂ ಬಂದು ನೋಡಿ ನಕ್ಕರು.

"ಯಾಕೆ ಅಳೋ ಮುಖ? ಸತ್ತಿಲ್ಲ ಅದು. ಸೋಡಾ ಆಮ್ಲವನ್ನ ಕಿತ್ಕೊಂಡಿದೆ ಅಷ್ಟೇ. ಆಮ್ಲಕ್ಕೆ ಹಾಕಿ, ವಾಪಸು ಬರುತ್ತೆ."

ಹಾಕಿದರು. ಅಂಚಿನಿಂದ ಹಸಿರು ಹತ್ತಿಕೊಂಡು ಬಂತು, ಕಾಗದದ ಮೇಲೆ ಎಣ್ಣೆ ಹರಡುವಂತೆ. ಮೀಟರು ಕೀಂ ಎಂದಿತು. ಪಚ್ಚಕ್ಕ ಮಾತ್ರ ಅಲುಗಾಡಲಿಲ್ಲ. ಮೆಲ್ಲಗೆ, ದನಿ ತಗ್ಗಿಸಿ, ಅಂದಳು: "ಪಾಚಿ."

"ಏನಂದ್ರಿ?"

ಪುಸ್ತಕದ ಅನಿಲೀನ್ ಬೇರೆ, ಮನೆಯ ಉಪ್ಪು ಬೇರೆ ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಎರಡೂ ಒಂದೇ ಎಂದೂ ಯೋಚಿಸಿರಲಿಲ್ಲ. ಹಳೆಯ ಕಾಲದ ಕಪ್ಪು ಬಣ್ಣ ಇದೇ ವಸ್ತುವೆಂಬ ಒಂದು ಸಾಲನ್ನು ಎಲ್ಲೋ ಓದಿದ್ದೂ ಉಂಟು. ಆದರೆ ಬೀದಿಯಲ್ಲಿ ಪಾಚಿ ಎಂದರೆ ಮಾನ ಹೋಗುವುದು, ಇಲ್ಲಿ ಪಚ್ಚೆ ಎಂದರೆ ಕೈಗೂಡುವುದು. ಎರಡು ಮಾತುಗಳು ಎರಡು ಬಾಗಿಲಿನಿಂದ ಒಳಗೆ ಬಂದು, ಅವಳ ತಲೆಯಲ್ಲೇ ಬೇರೆ ಬೇರೆ ಕೋಣೆಯಲ್ಲಿ ವಾಸವಾಗಿದ್ದವು, ಮುಖಕ್ಕೆ ಮುಖ ಕೊಡದೆ.

ಅವಳು ಕೊಡೆಗಳ ಕಥೆ ಹೇಳಿದಳು. ಆ ಕೊಡೆ ಅಂಗಡಿಯ ಗೋಡೆಗೆ ಅಂಟಿಕೊಂಡೇ ವಾಹನದ ಬ್ಯಾಟರಿಗೆ ಆಸಿಡ್ ತುಂಬುವವನ ಮಳಿಗೆ ಇತ್ತು ಎಂದೂ ಹೇಳಿದಳು. ಮೇಡಂ ತಲೆಯಾಡಿಸಿದರು.

"ಹಾಗಾದ್ರೆ ಕಪ್ಪನ್ನ ಹಸಿರು ಮಾಡೋಕೆ ಆ ಆಸಿಡ್ ಗಾಳಿಯೇ ಸಾಕು."

"ತಪ್ಪು ಬಣ್ಣದ್ದಲ್ಲ ಅಲ್ವಾ ಮೇಡಂ?"

ಮೇಡಂ ಬಟ್ಟೆಯ ಅಂಚನ್ನು ಎತ್ತಿ ನೋಡಿದರು. "ನಿಜ ಹೇಳಬೇಕಂದ್ರೆ, ಕೊನೇ ತೊಟ್ಟಿ ಚೆನ್ನಾಗಿ ಕುದ್ದಿದ್ರೆ ಬಣ್ಣ ಇಷ್ಟು ಸುಲಭವಾಗಿ ತಿರುಗಲ್ಲ. ಅದರಲ್ಲಿ ಒಂಚೂರು ಕಡಿಮೆಯಾಗಿದೆ. ಉಳಿದದ್ದು ಗಾಳಿ ಮಾಡಿದೆ."

ಅಂದರೆ ಅರ್ಧ ತೀರ್ಪು. ಒಲೆಯೋ ಕೈಯೋ, ಅದನ್ನು ಹೇಳುವ ಮೀಟರು ಯಾವ ಪ್ರಯೋಗಾಲಯದಲ್ಲೂ ಇಲ್ಲ. ಅಪ್ಪನನ್ನು ಪೂರ್ತಿ ಗೆಲ್ಲಿಸುವ ಸುದ್ದಿ ಸಿಕ್ಕಿತು ಎಂದು ಹಿಗ್ಗಿದ್ದ ಪಚ್ಚಕ್ಕ ತಣ್ಣಗಾದಳು. ಮನೆಗೆ ಹೋಗುವ ದಾರಿಯಲ್ಲಿ, ಗಾಳಿಯ ಅರ್ಧವನ್ನಷ್ಟೇ ಹೇಳಿ ಉಳಿದದ್ದನ್ನು ನುಂಗಿಬಿಟ್ಟರೆ ಹೇಗೆ ಎಂದೂ ಯೋಚಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಕೇಳುವವರು ಇಬ್ಬರೂ ಬಣ್ಣಗಾರರು. ಕಪ್ಪಿನ ವಿಷಯದಲ್ಲಿ ಅವರಿಗೆ ಅರ್ಧ ಹೇಳಿ ದಕ್ಕಿಸಿಕೊಳ್ಳುವುದು ಆಗದ ಮಾತು.

ಶನಿವಾರ ಮಧ್ಯಾಹ್ನ ಅವಳು ಎರಡು ಬೋಗುಣಿಗಳನ್ನು ಮೆಟ್ಟಿಲ ತಿರುವಿನಲ್ಲಿಟ್ಟಳು. ಒಂದರಲ್ಲಿ ಸೋಡಾ ನೀರು, ಇನ್ನೊಂದರಲ್ಲಿ ಆಮ್ಲದ ತೆಳುನೀರು. ದೊಡ್ಡಪ್ಪನನ್ನು ಮೇಲಿನಿಂದ ನಾಲ್ಕು ಮೆಟ್ಟಿಲು ಇಳಿಸಿ ಕೂರಿಸಿದಳು. ಅಪ್ಪ ಕೆಳಗಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮುಖವನ್ನು ಗೋಡೆಯ ಕಡೆ ಮಾಡಿದರು. ಅಮ್ಮ ಹೊಸ್ತಿಲಲ್ಲಿ ನಿಂತು, "ಏನೇ ಇದು, ಜಾದೂ ಆಟವಾ? ಟಿಕೆಟ್ಟು ಯಾರು ಕೊಡ್ತಾರೆ?" ಎಂದರು.

ತಿರುವಿನ ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು. ಧೂಳಿನ ಕಣಗಳು ಅದರೊಳಗೆ ಅವಸರವಿಲ್ಲದೆ ಏಳುತ್ತಾ ಬೀಳುತ್ತಾ ಇದ್ದವು. ಪಚ್ಚಕ್ಕ ಪ್ರಯೋಗಾಲಯದಿಂದ ತಂದ ಹಸಿರು ಬಟ್ಟೆಯ ಒಂದು ಪಟ್ಟಿ ಎತ್ತಿ ಹಿಡಿದಳು.

"ಪಾಚಿ," ಎಂದರು ದೊಡ್ಡಪ್ಪ, ತಟ್ಟನೆ.

ಗೋಡೆ ನೋಡುತ್ತಿದ್ದ ಅಪ್ಪನ ಕತ್ತು ಇತ್ತ ತಿರುಗಿತು.

ಅವಳು ಪಟ್ಟಿಯನ್ನು ಸೋಡಾ ನೀರಿಗಿಳಿಸಿದಳು. ಹಸಿರು ಕರಗಿ ಕತ್ತಲೆಯಾಯಿತು. ಎತ್ತಿ ಆಮ್ಲಕ್ಕಿಳಿಸಿದಳು. ಮತ್ತೆ ಹಸಿರು. ಮತ್ತೆ ಸೋಡಾ. ಅದೇ ಹೊತ್ತಿಗೆ ಅವಳು ಎಲ್ಲವನ್ನೂ ಹೇಳಿದಳು. ಬಣ್ಣ ಕೊಳೆತದ್ದಲ್ಲ, ತಿರುಗಿದ್ದು. ತಿರುಗಿಸಿದ್ದು ಪಕ್ಕದ ಮಳಿಗೆಯ ಆಸಿಡ್ ಗಾಳಿ. ಆದರೆ ಕೊನೆಯ ತೊಟ್ಟಿಯಲ್ಲೂ ಒಂಚೂರು ಕಡಿಮೆಯಾಗಿತ್ತು.

"ಪುಟ್ಟಿ, ನಿಮ್ಮಪ್ಪನ್ನ ಕೇಳು," ಎಂದರು ದೊಡ್ಡಪ್ಪ, "ಎತ್ತುವಾಗ ತೊಟ್ಟಿ ಕುದೀತಿತ್ತಾ ಅಂತ."

"ನಿಮ್ಮ ದೊಡ್ಡಪ್ಪನ್ನ ಕೇಳು, ಒಲೆ ಉರೀತಿತ್ತಾ ಅಂತ."

ಪಚ್ಚಕ್ಕ ಯಾರನ್ನೂ ಕೇಳಲಿಲ್ಲ. ತೂಕಡಿಕೆಯ ಹೊತ್ತಿನಲ್ಲಿ ಕೂರುವಂತೆ ಕೈಕಟ್ಟಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪಟ್ಟಿ ಸೋಡಾ ನೀರಿನಲ್ಲಿ ಮಲಗಿತ್ತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

ಅಪ್ಪ ಎದ್ದರು. ಬೋಗುಣಿಯ ಬಳಿ ಬಂದು, ಬಗ್ಗಿ, ಎರಡು ಬೆರಳಿನಿಂದ ಪಟ್ಟಿಯ ಅಂಚು ಹಿಡಿದು ಎತ್ತಿದರು. ನೀರು ಇಳಿಯುವವರೆಗೆ ಕಾದು ಕಿಟಕಿಗೆ ಹಿಡಿದರು. "ಕಪ್ಪು ಚೆನ್ನಾಗೇ ಬಂದಿದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮೇಲಿನಿಂದ ಒಂದು ಗೊರಕೆಯಂಥ ನಗೆ ಕೇಳಿಸಿತು. "ಕಪ್ಪಂತೆ ಕಪ್ಪು! ನೀಲಿ ಅದು."

"ಯಾವ ನೀಲಿ? ಮಡಿಕೆ ನೋಡು, ಮಡಿಕೆ."

"ಮಡಿಕೆ ನೋಡಿ ಕಪ್ಪು ಅನ್ನೋನು ಬಣ್ಣಗಾರನಾ? ಬೆಳಕಿಗೆ ಹಿಡಿ. ಸರಿಯಾಗಿ ಹಿಡಿಯೋ!"

"ಹಿಡಿದಿದೀನಲ್ಲ! ಮೊದಲು ಆ ಕಣ್ಣಿನ ಪೊರೆ ತೆಗೆಸ್ಕೊ ಅಣ್ಣ, ಆಮೇಲೆ ಬಾ ಹೇಳೋಕೆ."

ಹೇಳಿದ ಮೇಲೆ ಅಪ್ಪನಿಗೆ ತಾವು ಯಾರಿಗೆ ಹೇಳಿದೆವೆಂದು ತಿಳಿಯಿತು. ಪಟ್ಟಿ ಹಿಡಿದ ಕೈ ಹಾಗೇ ನಿಂತಿತು, ನೀರು ಮೊಣಕೈವರೆಗೆ ಇಳಿಯಿತು. ಅಮ್ಮ ಮೂಗಿನ ಮೇಲೆ ಬೆರಳಿಟ್ಟರು. ದೊಡ್ಡಪ್ಪ ಗೋಡೆ ಹಿಡಿದು ಒಂದು ಮೆಟ್ಟಿಲು ಕೆಳಗೆ ಸರಿದರು. ಮತ್ತೊಂದು. ತಮ್ಮನ ಕೈಯಿಂದ ಪಟ್ಟಿ ಕಿತ್ತುಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದರು.

"ಪೊರೆ ಎಡಗಣ್ಣಿಗೆ ಮಾತ್ರ," ಎಂದರು. "ಬಲಗಣ್ಣಲ್ಲೇ ಹೇಳ್ತಿದೀನಿ. ನೀಲಿ."

ಆ ಸಂಜೆ ಬೆಳಕು ಹೋಗುವವರೆಗೂ ಮೆಟ್ಟಿಲ ಮೇಲೆ ಜಗಳ ನಡೆಯಿತು. ಒಲೆಯ ಮಾತು ಬಂತು, ತೊಟ್ಟಿಯ ಮಾತು ಬಂತು, ಯಾರೂ ಸೋಲಲಿಲ್ಲ. ಅಮ್ಮ ಇಬ್ಬರಿಗೂ ಅಲ್ಲಿಗೇ ಚಹಾ ತಂದುಕೊಟ್ಟು, "ಮಾತಿಲ್ಲದಿದ್ದಾಗಲೇ ಮನೆ ತಣ್ಣಗಿತ್ತು," ಎಂದು ಗೊಣಗಿದರು.

ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಮಗಳು ಕಾರು ತಂದಳು. ದೊಡ್ಡಪ್ಪನನ್ನು ಒಂದೊಂದೇ ಮೆಟ್ಟಿಲು ಇಳಿಸಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಅಪ್ಪ ಬಾಗಿಲ ಪಕ್ಕ ನಿಂತು, ಸೀಟುಪಟ್ಟಿ ಸರಿಯಾಗಿ ಕೂತಿದೆಯೇ ಎಂದು ಎಳೆದು ನೋಡಿದರು.

"ಅಣ್ಣ, ಅಲ್ಲಿ ಕಡಲ ನೀರು ಬೆಳಿಗ್ಗೆ ಹೊತ್ತು ಯಾವ ಬಣ್ಣ ಇರುತ್ತೆ, ನೋಡಿ ಹೇಳು."

"ನಾನು ಹೇಳಿದ್ರೆ ನೀನು ಒಪ್ತೀಯಾ?" ಎಂದರು ದೊಡ್ಡಪ್ಪ. "ನೀನೇ ಬಂದು ನೋಡ್ಕೊ."

ಕಾರು ಬೀದಿಯ ತಿರುವು ದಾಟಿತು. ಅಪ್ಪ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಬಂದು, ಆ ಊರಿಗೆ ರೈಲು ಯಾವಾಗ ಇದೆ ಎಂದು ಪಚ್ಚಕ್ಕನನ್ನು ಕೇಳಿದರು. ಸಂಜೆ ನೋಡಿ ಹೇಳುತ್ತೇನೆ ಎಂದಳು ಅವಳು.

"ಈಗ್ಲೇ ನೋಡು," ಎಂದರು ಅಪ್ಪ.